ಸುಟ್ಟ ಬಸದಿಯ ಉತಾರ

ಅಣ್ಣಿಗೇರಿಗೆ ಹೋದವರು ಅಮೃತೇಶ್ವರ ಗುಡಿ ನೋಡದೆ ಬರುವುದಿಲ್ಲ. ಕರಿಕಲ್ಲಿನ ಗೋಡೆಗಳು, 76 ಕಂಬಗಳು, ನೆತ್ತಿ ಸುಡುವ ಬಿಸಿಲಲ್ಲೂ ತಣ್ಣಗಿರುವ ಮಂಟಪ. ನಾನು ಹುಡುಕಿ ಹೋಗಿದ್ದು ಅದನ್ನಲ್ಲ. ಹತ್ತನೆಯ ಶತಮಾನದಲ್ಲಿ ಇದೇ ಊರಲ್ಲಿ ಕಟ್ಟಿಸಿದ್ದ ಗಂಗಪೆರ್ಮಾಡಿ ಬಸದಿ ನನಗೆ ಬೇಕಾಗಿತ್ತು. ಆಚಾರ್ಯರ ಪರಂಪರೆ, ಊರೂರಲ್ಲಿ ದತ್ತಿ ಭೂಮಿ, ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಎಲ್ಲವೂ ಇದ್ದ ದೊಡ್ಡ ಜೈನ ನೆಲೆ ಅದು. ಊರಲ್ಲಿ ಈಗಲೂ ಪಾರ್ಶ್ವನಾಥ ಬಸದಿ ಇದೆ. ಆದರೆ ಗಂಗಪೆರ್ಮಾಡಿಯ ಹೆಸರು ಹೇಳಿ ಕೇಳಿದರೆ ‘ಅಲ್ಲೈತ್ರೀ’ ಎಂದು ಕೈ ತೋರಿಸುವವರಿಲ್ಲ. ಹಾಳುಗೋಡೆಯೂ ಉಳಿಯದ ಕಟ್ಟಡವನ್ನು ಕಾಗದದಲ್ಲೇ ಹುಡುಕಬೇಕು.

ಅಣ್ಣಿಗೇರಿ ಆಗ ಬೆಳ್ವೊಲ ಮುನ್ನೂರು ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಜೈನರ ಬೇರು ಇಲ್ಲಿ ಬಸದಿಗಿಂತ ಹಳೆಯದು. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷ, ಅಂದರೆ ಸುಮಾರು ಕ್ರಿ.ಶ. 751ರ ಶಾಸನವೊಂದು ಇಲ್ಲೇ ಸಿಕ್ಕಿದೆ. ಜೇಬುಳಗೇರಿಯ ಗಾಮುಂಡ ಕಲಿಯಮ್ಮ ಜಿನಾಲಯ ಕಟ್ಟಿಸಿದ ಸಂಗತಿ ಅದರಲ್ಲಿದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದನ್ನು ದೂರದ ಕರೀಂನಗರ ಸೀಮೆಯ ಕುರ್ಕ್ಯಾಲ ಶಾಸನ ಹೇಳುತ್ತದೆ. ಗಂಗಪೆರ್ಮಾಡಿ ಬಸದಿ ಎದ್ದದ್ದು ಇಂಥ ಹದವಾದ ನೆಲದಲ್ಲಿ.

ಮೊದಲು ನೋಡಿದ್ದು ಅಮೃತೇಶ್ವರ ಗುಡಿಯ ಶಾಸನಗಳನ್ನೇ. ಅವು ನನಗೆ ಕೆಲಸಕ್ಕೆ ಬರಲಿಲ್ಲ. ಹನ್ನೆರಡನೆಯ ಶತಮಾನದ ನಡುವಿನಿಂದ ಹದಿಮೂರರ ಆರಂಭದವರೆಗಿನ ಕಾಲ ಅವುಗಳದು. ಅಷ್ಟೊತ್ತಿಗೆ ನನ್ನ ಬಸದಿ ಸುಟ್ಟು ನೂರು ವರ್ಷ ಆಗಿಹೋಗಿತ್ತು.

ಅಲ್ಲಿಂದ ದಾರಿ ಧಾರವಾಡಕ್ಕೆ ತಿರುಗಿತು. ಈ ಸೀಮೆಯ ಶಾಸನಗಳ ಕಾಗದದ ಜಾಡು ಶುರುವಾಗುವುದು 1820ರ ದಶಕದಲ್ಲಿ, ವಾಲ್ಟರ್ ಎಲಿಯಟ್‌ನಿಂದ. 1824ರ ಕಿತ್ತೂರಿನ ಗಲಾಟೆಯಲ್ಲಿ ಸೆರೆ ಸಿಕ್ಕಿ ಜೀವ ಉಳಿಸಿಕೊಂಡ ಈ ಅಧಿಕಾರಿ ಮುಂದೆ 595 ಶಾಸನಗಳ ಪ್ರತಿ ಮಾಡಿಸಿದ. ಅವನ ನಂತರ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಫ್ಲೀಟ್ ಮಸಿಯಚ್ಚು ತೆಗೆಸಿದ. ಆ ಅಚ್ಚುಗಳನ್ನಿಟ್ಟುಕೊಂಡು ಲಂಡನ್ನಿನಲ್ಲಿ ಕೂತು ಎಲ್. ಡಿ. ಬಾರ್ನೆಟ್ ಈ ಭಾಗದ ಹಲವು ಶಾಸನಗಳನ್ನು ಓದಿದ. ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಬಾರ್ನೆಟ್‌ನ ಒಂದು ಲೇಖನವಿದೆ: ಇಮ್ಮಡಿ ಸೋಮೇಶ್ವರನ ಕಾಲದ ಗಾವರವಾಡ ಮತ್ತು ಅಣ್ಣಿಗೇರಿ ಶಾಸನಗಳು, ಶಕ 993 ಮತ್ತು 994. ನನ್ನ ಬಸದಿ ಅಲ್ಲಿತ್ತು.

ಶಾಸನದ ಕಥೆ ಇದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚಕ್ರವರ್ತಿಯ ಅಕ್ಕ ರೇವಕನಿಮ್ಮಡಿಯ ಗಂಡ, ಗಂಗಪೆರ್ಮಾಡಿ ಎನಿಸಿಕೊಂಡ ಗಂಗರ ಬೂತುಗ, ಅಣ್ಣಿಗೇರಿಯಲ್ಲಿ ಬಸದಿ ಕಟ್ಟಿಸಿ ಗುಣಕೀರ್ತಿ ಪಂಡಿತರಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ. ನೂರು ವರ್ಷದ ಮೇಲೆ ಚೋಳ ದಂಡು ಬೆಳ್ವೊಲಕ್ಕೆ ನುಗ್ಗಿ, ಗಂಗಪೆರ್ಮಾಡಿ ಕಟ್ಟಿಸಿದ ಜಿನಾಲಯಗಳನ್ನು ಸುಟ್ಟಿತು. ಕುಲಧರ್ಮ ಬಿಟ್ಟ ಪಾಪಿ ಎಂದು ಶಾಸನ ಆ ಚೋಳನನ್ನು ಬೈಯುತ್ತದೆ. ಕೊನೆಗೆ ಅವನು ಕಲ್ಯಾಣದ ಚಾಲುಕ್ಯ ದೊರೆ, ತ್ರೈಲೋಕ್ಯಮಲ್ಲ ಎನಿಸಿದ ಒಂದನೆಯ ಸೋಮೇಶ್ವರನಿಗೆ ಕಾಳಗದಲ್ಲಿ ತಲೆಯೊಪ್ಪಿಸಿದ ಎಂದೂ ಹೇಳುತ್ತದೆ. ಆಮೇಲೆ ಬೆಳ್ವೊಲ ಆಳುತ್ತಿದ್ದ ಲಕ್ಷ್ಮರಸ 1071ರಲ್ಲಿ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿ, ತ್ರಿಭುವನಚಂದ್ರ ಪಂಡಿತರ ಪಾದ ತೊಳೆದು ದತ್ತಿಯನ್ನು ಮತ್ತೆ ಒಪ್ಪಿಸಿದ.

ಒಂದೇ ಕಲ್ಲಿನ ಮಾತು ನಂಬಿ ಕೂರಲಾಗದು. ಬೂತುಗನ ಭಾಗಕ್ಕೆ ಸಾಕ್ಷಿ ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ ಕಲ್ಲು. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಮೂರನೆಯ ಕೃಷ್ಣ ಬನವಾಸಿ, ಬೆಳ್ವೊಲ, ಪುರಿಗೆರೆ ನಾಡುಗಳನ್ನು ಕೊಟ್ಟ ಎಂದು ಆತಕೂರು ಶಾಸನ ಹೇಳುತ್ತದೆ. ತಲಕಾಡಿನ ಗಂಗರವನಿಗೆ ಧಾರವಾಡದ ಎರೆಭೂಮಿಯಲ್ಲೇನು ಕೆಲಸ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಸುಟ್ಟವರ ಕಡೆಯ ದಾಖಲೆಗಳೂ ಇವೆ. 1054ರ ಕೊಪ್ಪಂ ಕಾಳಗದಲ್ಲಿ ಸತ್ತ ರಾಜಾಧಿರಾಜನನ್ನು ಚೋಳ ಶಾಸನಗಳು ‘ಆನೆಯ ಮೇಲೆ ಮಡಿದ ದೊರೆ’ ಎಂದೇ ಕರೆಯುತ್ತವೆ. ತಲೆಯೊಪ್ಪಿಸಿದ ಮಾತು ಅಲ್ಲಿಗೆ ಹೊಂದಿತು. ಆ ಕೊಪ್ಪಂ ಇಂದಿನ ಕೊಪ್ಪಳವೋ, ಕೃಷ್ಣಾ ದಂಡೆಯ ಖಿದ್ರಾಪುರವೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಇದೇ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಹೊತ್ತೊಯ್ದ ದ್ವಾರಪಾಲಕ ಮೂರ್ತಿ ದಾರಾಸುರಂನಲ್ಲಿತ್ತು, ಈಗ ತಂಜಾವೂರಿನ ಕಲಾಶಾಲೆಯಲ್ಲಿದೆ. ಯಾರು ತಂದರು ಎಂಬುದನ್ನು ಅದರ ಪೀಠದ ಬರಹವೇ ಹೇಳುತ್ತದೆ. ಸುಡುವುದು ಅವರಿಗೆ ಮುಚ್ಚಿಡುವ ಸಂಗತಿಯಾಗಿರಲಿಲ್ಲ, ಮೆರೆಯುವ ಸಂಗತಿಯಾಗಿತ್ತು. ಆದರೆ ಮೆರೆಯಲು ರಾಜಧಾನಿಗಳೇ ಬೇಕು. ನಾನು ಓದಿದ ಮಟ್ಟಿಗೆ ಅಣ್ಣಿಗೇರಿಯ ಬಸದಿ ಆ ಪಟ್ಟಿಯಲ್ಲಿಲ್ಲ.

ಇದನ್ನು ಶೈವ-ಜೈನ ಜಗಳವಾಗಿ ಓದುವುದು ಸುಲಭ. ಆದರೆ ಅದೇ ಚೋಳ ಮನೆತನದ ಕುಂದವೈ ತಮಿಳುನಾಡಿನ ತಿರುಮಲೆಯಲ್ಲಿ ಜಿನಾಲಯ ಕಟ್ಟಿಸಿದವಳು. 1007ರ ಹೊತ್ತಿಗೆ ಶಿಗ್ಗಾಂವಿ ಹತ್ತಿರದ ಹೊಟ್ಟೂರಿನ ಶಾಸನವೂ ಚೋಳ ದಂಡು ಒಂಬತ್ತು ಲಕ್ಷ ಜನರೊಂದಿಗೆ ಬಂದು ನಾಡು ಹಾಳುಮಾಡಿತೆಂದು ಗೋಳಿಡುತ್ತದೆ. ಅಲ್ಲಿ ಜೈನ, ಬ್ರಾಹ್ಮಣ ಎಂಬ ಭೇದವಿಲ್ಲ. ಶತ್ರುವಿನ ಸೀಮೆಯ ಸಂಪತ್ತು ಮುರಿಯುವುದು ಆ ಕಾಲದ ಯುದ್ಧದ ರೀತಿ. ಬಸದಿಯೂ ಸಂಪತ್ತಿನ ಒಂದು ಕಣಜವಾಗಿತ್ತು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಬಸದಿ ಇದ್ದದ್ದು ಅಣ್ಣಿಗೇರಿಯಲ್ಲಿ; ಅದರ ಪೂರ್ತಿ ಕಥೆ ಹೇಳುವ ಕಲ್ಲು ಗಾವರವಾಡದಲ್ಲಿ ಏಕೆ? ಈಗ ಗದಗ ಜಿಲ್ಲೆಗೆ ಸೇರಿದ ಆ ಹಳ್ಳಿಯ ಕಡಲೆ ಹೊಲಗಳ ನಡುವೆ ನಿಂತಿದ್ದಾಗ ಹಿರಿಯರೊಬ್ಬರು ಬದುವಿನಿಂದಲೇ ಕೇಳಿದರು:

“ಏನ್ ನೋಡಾಕತ್ತೀರಿ ಸರ? ಹೊಲಾ ತೊಗೊಳ್ಳೋರೇನು?”

“ಇಲ್ರೀ ಯಜಮಾನ್ರ, ಹಿಂದಕ ಅಣ್ಣಿಗೇರಿ ಬಸ್ತಿಗೆ ಬಿಟ್ಟ ಹೊಲಾ ಯಾವ್ದಂತ ನೋಡಾಕ ಬಂದೇನಿ.”

“ಹಂಗಾದ್ರ ಉತಾರ ತಗಸ್ರಿ. ಸುಮ್ನ ನಿಂತ ನೋಡಿದ್ರ ಹೊಲಾ ಯಾರ್ದಂತ ಹೆಂಗ ತಿಳೀತೈತಿ?”

ಬಾರ್ನೆಟ್ ಓದಿದ ಶಾಸನಕ್ಕೆ ಮರಳಿದೆ. ಬೂತುಗ ಬಿಟ್ಟ ಹಳ್ಳಿಗಳ ಪಟ್ಟಿಯಲ್ಲಿ ಗುಮ್ಮುಂಗೋಳ, ಇಟ್ಟಗೆ, ಮುಮ್ಮುಳಿವಾಡದ ಜೊತೆಗೆ ಗಾವರಿವಾಡವೂ ಇದೆ. ಕಲ್ಲು ನಿಂತದ್ದು ದೇವರಿದ್ದಲ್ಲಲ್ಲ, ಹೊಲವಿದ್ದಲ್ಲಿ. ಅದು ಸುಟ್ಟ ಬಸದಿಯ ಶೋಕಗೀತೆಯಾಗಿರಲಿಲ್ಲ, ಹೊಲದ ಉತಾರವಾಗಿತ್ತು.

ಹಾಗೆ ನೋಡಿದರೆ ಅದರ ಕಟ್ಟಣೆಯೆಲ್ಲ ಅರ್ಥವಾಗುತ್ತದೆ. ಮೊದಲು ಕೊಟ್ಟವನು ಯಾರು, ತೆಗೆದುಕೊಂಡ ಗುರು ಯಾರು, ಅವನ ಶಿಷ್ಯಪರಂಪರೆ ಎಲ್ಲಿಯವರೆಗೆ, ನಡುವೆ ಸ್ವಾಧೀನ ತಪ್ಪಿದ್ದು ಯಾವ ಕಾರಣಕ್ಕೆ, ಮತ್ತೆ ಕೊಟ್ಟ ಅಧಿಕಾರಿ ಯಾರು. ಕೊಪ್ಪಂ ಕಾಳಗಕ್ಕೂ ಜೀರ್ಣೋದ್ಧಾರಕ್ಕೂ ನಡುವೆ 17 ವರ್ಷ. ಅಷ್ಟು ಕಾಲದಲ್ಲಿ ದತ್ತಿ ಹೊಲಗಳ ಮೇಲೆ ಬೇರೆಯವರ ಹಕ್ಕು ಕೂತಿರಬಹುದೆಂದು ನನ್ನ ಊಹೆ. ಅದನ್ನು ಅಳಿಸಬೇಕಾದರೆ, ಭೂಮಿ ಕೈತಪ್ಪಿದ್ದು ನಮ್ಮ ತಪ್ಪಿನಿಂದಲ್ಲ, ದಂಡಿನ ಬೆಂಕಿಯಿಂದ ಎಂದು ತೋರಿಸಬೇಕು. ಚೋಳನಿಗೆ ಬಿದ್ದ ಬೈಗುಳಕ್ಕೂ ಅಲ್ಲಿ ಕೆಲಸವಿದೆ. ಸುಮಾರು ಎಂಟುನೂರು ವರ್ಷದ ನಂತರ, 1852ರಲ್ಲಿ, ಮುಂಬೈ ಸರ್ಕಾರದ ಇನಾಂ ಕಮಿಷನ್ ಇದೇ ಸೀಮೆಯ ಇನಾಂದಾರರಿಂದ ಕೇಳಿದ್ದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆಗಳು ಸಿಕ್ಕಾಗ ಹಳೆಯ ಕಾಳಗಗಳ ಮಾತು ಊರಲ್ಲಿ ಮತ್ತೆ ಎದ್ದಿತ್ತು. ಪ್ರಯೋಗಾಲಯದ ಒಂದು ಅಂದಾಜು ಹದಿನಾಲ್ಕನೆಯ ಶತಮಾನದ ಕಡೆ ಬೊಟ್ಟುಮಾಡಿತು, ಇನ್ನೊಂದು ಹದಿನೆಂಟರ ಕೊನೆಯ ಬರದ ಕಡೆ. ಎರಡರಲ್ಲಿ ಯಾವುದನ್ನು ಹಿಡಿದರೂ ಚೋಳರ ದಂಡು ಅಲ್ಲಿಗೆ ಬರುವುದಿಲ್ಲ. ಪಾಳು ಕಂಡಲ್ಲೆಲ್ಲ ಯಾರು ಕೆಡವಿದರು ಎಂದಷ್ಟೇ ಕೇಳಿದರೆ ದಾಖಲೆ ಅರ್ಧ ಕಥೆ ಹೇಳಿ ನಿಲ್ಲುತ್ತದೆ. ಯಾರು ಮತ್ತೆ ಕಟ್ಟಿಸಿದರು, ಯಾವ ಹೊಲದ ಉತ್ಪನ್ನದಿಂದ ಎಂದೂ ಕೇಳಬೇಕು. ಗಂಗಪೆರ್ಮಾಡಿ ಬಸದಿಯ ಅಡಿಪಾಯ ಮುಂದೆಂದಾದರೂ ಸಿಕ್ಕೀತು. ಅದಕ್ಕೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೊಂದಿದೆ: ಶಾಸನ ಹೆಸರಿಸಿದ ಹಳ್ಳಿಗಳನ್ನು ಇಂದಿನ ನಕಾಶೆಯಲ್ಲಿ ಗುರುತಿಸಿ, ಅಲ್ಲಿನ ಹಳೆಯ ಇನಾಂ ದಫ್ತರ ಮತ್ತು ಸರ್ವೇ ನಂಬರುಗಳಲ್ಲಿ ‘ಬಸ್ತಿ’ಯ ಹೆಸರು ಹೊತ್ತ ಹೊಲಗಳನ್ನು ಹುಡುಕುವುದು. ನಾನು ನವಲಗುಂದ ತಾಲ್ಲೂಕಿನ ಗುಮ್ಮಗೋಳದಿಂದ ಶುರುಮಾಡಿದ್ದೇನೆ.