ದೀವಳಿಗೆಯ ಗೋಡೆ

ದೀಪಾವಳಿಯ ಹೆಸರಿನಲ್ಲಿಯೇ ದೀಪವಿರುವುದರಿಂದ ಹಬ್ಬದ ಕೀರ್ತಿಯೆಲ್ಲವೂ ದೀಪಕ್ಕೇ ಸಂದುಹೋಗಿದೆ. ಆದರೆ ದೀಪ ಹಚ್ಚುವುದಕ್ಕೆ ಹಲವು ದಿನ ಮುಂಚಿತವಾಗಿಯೇ ನಮ್ಮ ನಾಡಿನ ಹಳ್ಳಿಮನೆಗಳಲ್ಲಿ ಮತ್ತೊಂದು ಕೆಲಸ ಮೊದಲಾಗುತ್ತಿದ್ದಿತು. ಅದು ಗೋಡೆಯ ಕೆಲಸ. ಮಳೆಗೆ ಕರಗಿದ ಕಡೆ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆಯೆಳೆದು, ಅದರ ಮೇಲೆ ಬಿಳಿಯ ಗೆರೆಗಳನ್ನು ಬರೆದು ಮುಗಿಸಿದ ಮೇಲೆಯೇ ಹಣತೆಗೆ ಎಣ್ಣೆ ಬೀಳುತ್ತಿದ್ದುದು. ಕನ್ನಡದಲ್ಲಿ ಇದಕ್ಕೆ ‘ಸಾರಣೆ ಕಾರಣೆ’ ಎಂಬ ಜೋಡುನುಡಿಯೇ ಇದೆ. ಸಾರಣೆಯೆಂದರೆ ಸಗಣಿಯಿಂದ ನೆಲಗೋಡೆಗಳನ್ನು ಸಾರಿಸುವುದು. ಕಾರಣೆಯೆಂದರೆ ಸುಣ್ಣ ಕೆಮ್ಮಣ್ಣುಗಳಿಂದ ಅವಕ್ಕೆ ಪಟ್ಟೆಯಿಟ್ಟು ಅಂದಗೊಳಿಸುವುದು.

ಈ ಗೋಡೆಗೂ ಒಂದು ಚರಿತ್ರೆಯಿದೆ. ಅದನ್ನು ಬರೆಯುವುದು ಮಾತ್ರ ಸುಲಭವಲ್ಲ. ದೇವಾಲಯದ ಚಿತ್ರವಾದರೆ ಸಾವಿರ ವರ್ಷದ ಮಾದರಿಯನ್ನು ತೋರಿಸಬಹುದು; ಮನೆಗೋಡೆಯ ಚಿತ್ರಕ್ಕೆ ನೂರು ವರ್ಷದ ಮಾದರಿಯೂ ದುರ್ಲಭ. ವರ್ಷಕ್ಕೊಮ್ಮೆ ಬರೆಯುವುದು, ಮಳೆಗಾಲದಲ್ಲಿ ಅಳಿಯುವುದು, ಮತ್ತೆ ಬರೆಯುವುದು, ಇದೇ ಅದರ ಕ್ರಮ. ಬರೆದವರು ಹೆಂಗಸರು, ಅವರು ಹೆಸರು ಹಾಕಲಿಲ್ಲ. ಆದುದರಿಂದ ಈ ಚರಿತ್ರೆಯನ್ನು ಅಲ್ಲೊಂದು ಶಾಸನ, ಇಲ್ಲೊಂದು ಗ್ರಂಥ, ಮತ್ತೊಂದೆಡೆ ಇಂದಿಗೂ ನಡೆಯುತ್ತಿರುವ ಆಚಾರ, ಇವುಗಳನ್ನು ಕೂಡಿಸಿ ಓದಿಕೊಳ್ಳಬೇಕಾಗಿದೆ.

ಮೊದಲು ಕಾಲದ ವಿಷಯ. ಗೋಡೆಯ ಕೆಲಸಕ್ಕೆ ದೀಪಾವಳಿಯೇ ಏಕೆ ಹೊತ್ತಾಯಿತು? ಕನ್ನಡನಾಡಿಗೆ ಮುಖ್ಯವಾದ ಮಳೆ ನೈಋತ್ಯ ಮಾರುತದ್ದು. ಜೂನ್ ತಿಂಗಳಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಸುರಿಯುತ್ತದೆ. ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದುಂಟು. ಇಷ್ಟು ನೀರು ಬಿದ್ದ ಮೇಲೆ ಮಣ್ಣಿನ ಗೋಡೆಯ ಗತಿಯೇನು? ಪಾಚಿ ಹಿಡಿದಿರುತ್ತದೆ, ಬುಡ ಕರಗಿರುತ್ತದೆ, ಹುಳುಹುಪ್ಪಟೆಗಳು ಸೇರಿರುತ್ತವೆ. ಆಶ್ವಯುಜ ಕಳೆಯುತ್ತ ಬಂದಂತೆ ಬಿಸಿಲು ಬೀಳುತ್ತದೆ, ಬಳಿದದ್ದು ಒಣಗುತ್ತದೆ, ಗದ್ದೆಯಲ್ಲಿ ಭತ್ತ ತೆನೆಬಿಟ್ಟಿರುತ್ತದೆ. ಮನೆ ರಿಪೇರಿಗೂ ಹಬ್ಬಕ್ಕೂ ಹೀಗೆ ಒಂದೇ ಹೊತ್ತು ಕೂಡಿಬಂದಿತು. ಸುಣ್ಣ ಗೋಡೆಗೆ ಬೆಳಕು ಕೊಡುವುದಲ್ಲದೆ ಹುಳುಗಳನ್ನೂ ದೂರವಿಡುತ್ತದೆಂಬುದು ಅಜ್ಜಿಯರಿಗೆಲ್ಲ ತಿಳಿದಿದ್ದ ಸಂಗತಿ.

ನಾವಿರುವ ಈ ಚೆನ್ನೈ ಪಟ್ಟಣದಲ್ಲಿ ಋತುಧರ್ಮವೇ ಬೇರೆ. ಇಲ್ಲಿಗೆ ಮುಖ್ಯವಾದದ್ದು ಈಶಾನ್ಯ ಮಾರುತ. ವರ್ಷದ ಒಟ್ಟು ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೇ ಬೀಳುತ್ತದೆ. ಊರಿನಲ್ಲಿ ಮಳೆ ನಿಂತ ಮೇಲೆ ದೀಪಾವಳಿ ಬಂದರೆ, ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ ಬರುತ್ತದೆ. ಒದ್ದೆಗೋಡೆಗೆ ಸುಣ್ಣ ಬಳಿಯುವವರಾರು? ತಮಿಳರ ಮನೆಗಳಲ್ಲಿ ಸುಣ್ಣಬಣ್ಣದ ಹಬ್ಬ ಜನವರಿ ತಿಂಗಳ ಭೋಗಿ ಪೊಂಗಲ್ ಆಗಿರುವುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ಸುಣ್ಣದ ಕಸುಬಿನಲ್ಲಿ ಈ ಪಟ್ಟಣವೇನೂ ಹಿಂದೆ ಬಿದ್ದುದಲ್ಲ. ಕಡಲ ಚಿಪ್ಪುಗಳನ್ನು ಸುಟ್ಟು ಮಾಡಿದ ಮದರಾಸಿನ ಸುಣ್ಣದ ಗಾರೆ ಅಮೃತಶಿಲೆಯಂತೆ ಹೊಳೆಯುತ್ತಿತ್ತೆಂದು ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಯೂರೋಪಿಯನ್ನರು ಬೆರಗಾಗಿ ಬರೆದಿದ್ದಾರೆ. ಆದರೆ ದೀಪಾವಳಿಗೂ ಸುಣ್ಣಕ್ಕೂ ಊರಿನಲ್ಲಿದ್ದ ನಂಟು ಇಲ್ಲಿ ಬೆಳೆಯಲಿಲ್ಲ. ವಲಸೆ ಬಂದ ನಮ್ಮ ಮನೆಗಳಲ್ಲಿ ಹಬ್ಬದ ಅಡಿಗೆ ಉಳಿದು ಹಬ್ಬದ ಗೋಡೆ ಮರೆತುಹೋದುದಕ್ಕೆ ಮನೆಯವರ ಅಸಡ್ಡೆಯೊಂದನ್ನೇ ದೂರುವುದು ಸರಿಯಲ್ಲ. ಆಕಾಶವೂ ನಮ್ಮ ಪಕ್ಷದಲ್ಲಿರಲಿಲ್ಲ.

ಇನ್ನು, ಗೋಡೆಯನ್ನು ಸಿಂಗರಿಸುತ್ತಿದ್ದುದು ಯಾರ ಬರವಿಗಾಗಿ? ಧನಲಕ್ಷ್ಮಿ ಬರುವಳೆಂದು ಇಂದು ಎಲ್ಲರೂ ಹೇಳುತ್ತಾರೆ. ಕನ್ನಡನಾಡಿನಲ್ಲಿ ಅವಳೊಡನೆ ಮತ್ತೊಬ್ಬ ಅತಿಥಿಯೂ ಇದ್ದಾನೆ, ಅವನು ಬಲಿಚಕ್ರವರ್ತಿ. ವಾಮನನಿಂದ ತುಳಿಸಿಕೊಂಡು ಪಾತಾಳಕ್ಕೆ ಹೋದ ರಾಜನು ಕಾರ್ತಿಕ ಶುದ್ಧ ಪಾಡ್ಯದಂದು ತನ್ನ ಪ್ರಜೆಗಳನ್ನು ನೋಡಲು ಬರುವನೆಂಬುದು ನಂಬಿಕೆ. ಕರಾವಳಿಯಲ್ಲಿ ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಹಾಡುತ್ತ ಮನೆಮನೆಗೆ ದೀಪವನ್ನು ತರುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ, ಬಾಗಿಲಲ್ಲಿಡುತ್ತಾರೆ. ಈ ನಂಬಿಕೆ ಹಳೆಯದು. 1030ರ ಸುಮಾರಿಗೆ ಹಿಂದೂದೇಶದ ಆಚಾರಗಳನ್ನು ಕುರಿತು ಗ್ರಂಥ ಬರೆದ ಅಲ್ಬೆರೂನಿಯು ದೀಪಾವಳಿಯ ಕಾರಣವನ್ನು ಹೇಳುವಾಗ, ವಿರೋಚನನ ಮಗನಾದ ಬಲಿಯನ್ನು ಲಕ್ಷ್ಮಿಯು ವರ್ಷಕ್ಕೊಮ್ಮೆ ಸೆರೆಯಿಂದ ಬಿಡಿಸುವಳೆಂದೇ ಬರೆದಿದ್ದಾನೆ.

ಬಲಿಯ ಕಥೆಯೂ ಗೋಡೆಯ ಬಣ್ಣವೂ ಒಂದೆಡೆ ಸೇರಿರುವ ಹಳೆಯ ತಾಣವೊಂದು ನಮ್ಮ ಬಾದಾಮಿಯಲ್ಲಿದೆ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ಶಕ 500ರಲ್ಲಿ, ಅಂದರೆ ಕ್ರಿ. ಶ. 578ರಲ್ಲಿ, ವಿಷ್ಣುವಿಗೆ ಅರ್ಪಿಸಿದನು. ಶಾಸನದಲ್ಲಿ ಹೇಳಿರುವ ತಿಥಿ ಕಾರ್ತಿಕದ ಹುಣ್ಣಿಮೆ. ಬಲಿಪಾಡ್ಯಮಿ ಕಳೆದು ಅದೇ ಪಕ್ಷದ ಕೊನೆಯ ದಿನ. ಗುಹೆಯ ಕಲ್ಲಿನಲ್ಲಿ ತ್ರಿವಿಕ್ರಮನು ಕಾಲೆತ್ತಿ ನಿಂತಿದ್ದಾನೆ. ಮೇಲ್ಗಡೆ ಆ ಕಾಲದ ವರ್ಣಚಿತ್ರಗಳ ತುಣುಕುಗಳು ಇಂದಿಗೂ ಕಾಣುತ್ತವೆ. ಅರಸನ ಚಿತ್ರ ಬಂಡೆಯ ಆಶ್ರಯದಲ್ಲಿ ಉಳಿಯಿತು. ಅದೇ ತಿಂಗಳಲ್ಲಿ ಅವನ ಪ್ರಜೆಗಳು ತಮ್ಮ ಮಣ್ಣುಗೋಡೆಗೆ ಏನು ಬರೆದಿದ್ದರೋ, ಅದು ಮುಂದಿನ ಮಳೆಗೇ ಹೋಯಿತು.

ಬಣ್ಣದ ವಿದ್ಯೆಯನ್ನು ಬರಹಕ್ಕಿಳಿಸಿದ ಕೀರ್ತಿಯೂ ಕನ್ನಡನಾಡಿನ ಅರಸನೊಬ್ಬನಿಗೆ ಸಲ್ಲುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರವಿದ್ಯೆಗೆ ಪ್ರತ್ಯೇಕ ಸ್ಥಾನವಿದೆ. ಗೋಡೆಯನ್ನು ನುಣುಪು ಮಾಡುವ ಬಗೆ, ಎಮ್ಮೆಯ ತೊಗಲನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವ ಬಗೆ, ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ಕಾವಿಕಲ್ಲು, ಹಳದಿಗೆ ಹರಿತಾಳ, ಕಪ್ಪಿಗೆ ದೀಪದ ಕಾಡಿಗೆ, ಎಲ್ಲವೂ ಅಲ್ಲಿ ಬಂದಿವೆ. ಪುಡಿಯಿಂದ ಬರೆಯುವ ‘ಧೂಳಿಚಿತ್ರ’ವನ್ನೂ ಅವನು ಚಿತ್ರಗಳ ಭೇದಗಳಲ್ಲಿ ಎಣಿಸಿದ್ದಾನೆ. ನಮ್ಮ ಅಂಗಳದ ರಂಗವಲ್ಲಿ ಅದರ ಜಾತಿಯದೇ.

ಈಗ ಮಲೆನಾಡಿನ ಕಡೆಗೆ ನೋಡೋಣ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಮತ್ತು ಉತ್ತರ ಕನ್ನಡದ ಸಿದ್ದಾಪುರದ ಸೀಮೆಯಲ್ಲಿ ದೀವರ ಸಮಾಜದ ಹೆಣ್ಣುಮಕ್ಕಳು ಬರೆಯುವ ‘ಹಸೆ ಚಿತ್ತಾರ’ವು ಮನೆಗೋಡೆಯ ಕಲೆಗಳಲ್ಲೆಲ್ಲ ಬಹು ಪ್ರಸಿದ್ಧವಾದುದು. ಅಲ್ಲಿಯೂ ನಾಲ್ಕೇ ಬಣ್ಣ. ಗೋಡೆಗೆ ಕೆಮ್ಮಣ್ಣು, ಬಿಳುಪಿಗೆ ನೆನೆಸಿ ಅರೆದ ಅಕ್ಕಿ ಇಲ್ಲವೆ ಜೇಡಿಮಣ್ಣು, ಕಪ್ಪಿಗೆ ಕರಿದಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆಯ ಬೀಜ. ಕುಂಚವೆಂದರೆ ಪುಂಡಿಯ ನಾರು. ಸೋಮೇಶ್ವರನು ಹೇಳಿದ ಕೆಂಪು, ಬಿಳುಪು, ಕಪ್ಪು, ಹಳದಿಗಳೇ ಇಲ್ಲಿಯೂ ಇವೆ. ಸಾಮಗ್ರಿ ಮಾತ್ರ ಅರಮನೆಯ ಉಗ್ರಾಣದ್ದಲ್ಲದೆ ಗದ್ದೆಯಂಚಿನದು, ಅಡಿಗೆಮನೆಯದು. ನೇರವಾದ ಎಳೆಗಳನ್ನು ಕೂಡಿಸುತ್ತ, ಅಡ್ಡಹಾಯಿಸುತ್ತ, ದಂಡಿಗೆಯನ್ನೂ ಮದುಮಕ್ಕಳನ್ನೂ ಹಕ್ಕಿಗಳನ್ನೂ ಪೈರನ್ನೂ ಅವರು ಮೂಡಿಸುತ್ತಾರೆ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಈ ಹಸೆಗೋಡೆಯ ಮುಂದೆಯೇ. ಬರೆಯುತ್ತ ಹಾಡುವುದೂ ವಾಡಿಕೆ.

ಇವರಿಗೆ ದೀಪಾವಳಿಯ ಸಿದ್ಧತೆ ಹದಿನೈದು ದಿನ ಮೊದಲೇ ಬರುವ ಭೂಮಿ ಹುಣ್ಣಿಮೆಯಿಂದ ಹಿಡಿಯುತ್ತದೆ. ಬಯಲುಸೀಮೆಯವರು ಇದನ್ನು ಶೀಗಿ ಹುಣ್ಣಿಮೆ ಎನ್ನುತ್ತಾರೆ. ತೆನೆಹೊತ್ತ ಭೂಮಿತಾಯಿ ಬಸುರಿಯೆಂದು ಭಾವಿಸಿ, ಅವಳ ಬಯಕೆಯ ಊಟವನ್ನು ಗದ್ದೆಗೆ ಒಯ್ಯುವ ಹಬ್ಬವದು. ಊಟವನ್ನು ತುಂಬುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಬುಟ್ಟಿಗೆ ಬರೆದ ಕೈಯೇ ಮುಂದೆ ದೀವಳಿಗೆಯ ಗೋಡೆಗೂ ಬರೆಯುವುದು. ಗೋಪೂಜೆಯ ದಿನ ಅದೇ ಜೇಡಿ ಕೆಮ್ಮಣ್ಣುಗಳ ದುಂಡನೆಯ ಅಚ್ಚುಗಳು ದನಗಳ ಮೈಮೇಲೂ ಬೀಳುತ್ತವೆ. ಗದ್ದೆ, ಗೋಡೆ, ಗೋವು ಮೂರಕ್ಕೂ ಒಂದೇ ಬಣ್ಣ, ಒಂದೇ ಮರ್ಯಾದೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಚಿತ್ತಾರದ ಬುಟ್ಟಿ ಹೋಗುತ್ತಿದ್ದ ಗದ್ದೆ ಬಹುಮಟ್ಟಿಗೆ ಬುಟ್ಟಿ ಹೊತ್ತವರದಾಗಿರಲಿಲ್ಲ. ಗೇಣಿಗೆ ಮಾಡುತ್ತಿದ್ದ ಭೂಮಿ ಅದು. ಗೇಣಿ ಅಳೆಯುವ ಕೊಳಗದ ಗಾತ್ರದ ವಿಷಯವಾಗಿ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ಅದನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಅಲ್ಲಿ ಬಂಧನಕ್ಕೊಳಗಾದರು. ಉಳುವವನಿಗೆ ಹೊಲವೆಂಬುದು ಕಾನೂನಿನ ಬಲವನ್ನು ಪಡೆದದ್ದು 1974ರಲ್ಲಿ. ಇದರ ನಡುವೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಆ ಸೀಮೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ಎದ್ದುಹೋಗಬೇಕಾಯಿತು. ಮುಳುಗಿದ ಮನೆಗಳ ಗೋಡೆಗಳೂ ಮುಳುಗಿದವು. ಆದರೆ ಚಿತ್ತಾರ ಮುಳುಗಲಿಲ್ಲ. ಆ ತಾಲೂಕುಗಳಲ್ಲಿ ಇಂದಿಗೂ ಅದನ್ನು ಬರೆಯುವ ಹೆಣ್ಣುಮಕ್ಕಳಿದ್ದಾರೆ. ತಮ್ಮದಲ್ಲದ ಭೂಮಿಯ ನಡುವೆ ಬಾಳಿದವರೂ ನೆಲೆ ಕಳೆದುಕೊಂಡವರೂ ಉಳಿಸಿಕೊಂಡು ಬಂದ ವಿದ್ಯೆ ಇದು. ಗೋಡೆಯನ್ನು ಹೊತ್ತೊಯ್ಯಲಾಗದು, ಕೈಗೆ ಬಂದ ಎಳೆಯನ್ನು ಒಯ್ಯಬಹುದು.

ಹಾಗಿದ್ದರೂ ಈ ವಿದ್ಯೆಗೆ ಅಪಾಯವಿಲ್ಲದಿಲ್ಲ. ಪ್ರವಾಹಕ್ಕೆ ಸೋಲದ ಚಿತ್ತಾರ ಸಿಮೆಂಟಿಗೆ ಸೋಲುತ್ತಿದೆ. ಮಣ್ಣುಗೋಡೆ ವರ್ಷವರ್ಷವೂ ಕೈಯನ್ನು ಬೇಡುತ್ತಿತ್ತು. ಎಣ್ಣೆಬಣ್ಣ ಬಳಿದ ಗೋಡೆ ಐದಾರು ವರ್ಷ ಏನನ್ನೂ ಬೇಡುವುದಿಲ್ಲ. ಈ ಅನುಕೂಲ ಬೇಡವೆಂದು ಯಾರಿಗೆ ಹೇಳಲಾದೀತು? ಆದರೆ ಐದು ವರ್ಷ ಗೆರೆಯೆಳೆಯದ ತಾಯಿಯ ಮಗಳು ಏನನ್ನು ಕಲಿತಾಳು? ಗ್ರಂಥದಲ್ಲಿರುವ ವಿದ್ಯೆ ನೂರು ವರ್ಷ ಮುಚ್ಚಿಟ್ಟರೂ ಮತ್ತೆ ತೆರೆದುಕೊಂಡೀತು. ಅಭ್ಯಾಸದಲ್ಲಿ ಮಾತ್ರ ಬದುಕಿರುವ ವಿದ್ಯೆ ಒಂದು ತಲೆಮಾರು ತಪ್ಪಿದರೆ ಹೋದಂತೆಯೇ. ಚಿತ್ತಾರವೀಗ ಕಾಗದಕ್ಕೂ ಬಟ್ಟೆಗೂ ಇಳಿದು ಪ್ರದರ್ಶನಗಳಿಗೆ ಬಂದಿರುವುದು ಸಂತೋಷದ ವಿಷಯ. ಬರೆಯುವವರಿಗೆ ನಾಲ್ಕು ಕಾಸು ದೊರೆತರೆ ಅದು ನ್ಯಾಯವೂ ಹೌದು. ಅದರ ಜೊತೆಗೆ ಹಬ್ಬದ ದಿನ ಮನೆಯವರೇ ಕುಳಿತು ಬರೆಯುವುದು ಬೇರೊಂದು ಲಾಭ.

ಈ ಮಾತು ನಮಗೂ ಅನ್ವಯಿಸುತ್ತದೆ. ಕನ್ನಡಿಗರು ಈ ಪಟ್ಟಣಕ್ಕೆ ಹೊಸಬರಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೆನರಾ ಸೀಮೆ ಮದರಾಸಿಗೆ ಸೇರಿತು. ದಕ್ಷಿಣ ಕನ್ನಡಕ್ಕೆ 1956ರವರೆಗೂ ಇದೇ ರಾಜಧಾನಿ. ಬಳ್ಳಾರಿಗೆ 1953ರವರೆಗೆ, ಕೊಳ್ಳೇಗಾಲಕ್ಕೆ 1956ರವರೆಗೆ ಹಾಗೆಯೇ. ಓದಿಗೆ, ಕಚೇರಿಗೆ, ಹೋಟೆಲು ಉದ್ಯಮಕ್ಕೆ ಬಂದವರು ಇಲ್ಲಿಯೇ ನೆಲೆಸಿದರು. ನಮ್ಮಲ್ಲಿ ಬಹುಮಂದಿ ಬಾಡಿಗೆ ಮನೆಯವರು. ಮೊಳೆ ಹೊಡೆಯುವುದಕ್ಕೂ ಮನೆಯೊಡೆಯರ ಅಪ್ಪಣೆ ಬೇಕಾಗಿರುವಾಗ ಕೆಮ್ಮಣ್ಣು ಬಳಿಯುವುದೆಂತು? ಅಲ್ಲದೆ ಕರ್ನಾಟಕದಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ರಜೆಯಿದ್ದರೆ, ಇಲ್ಲಿ ಎಣ್ಣೆನೀರಿನ ದಿನವೇ ಹಬ್ಬ. ಬಲೀಂದ್ರ ಬರುವ ಸಂಜೆ ನಮ್ಮಂಥ ಬ್ಯಾಂಕಿನವರು ಹಲವು ವರ್ಷ ಲೆಕ್ಕ ತಾಳೆ ನೋಡುತ್ತ ಕುಳಿತಿರುತ್ತೇವೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅವನು ಬರುವ ದಿನವೊಂದಿದೆಯೆಂದೇ ತಿಳಿಯದು.

ಇದಕ್ಕೆ ಪರಿಹಾರ ದೊಡ್ಡದೇನೂ ಬೇಕಾಗಿಲ್ಲ. ಒಂದು ಹಲಗೆ ಅಥವಾ ದಪ್ಪ ರಟ್ಟು ಸಾಕು. ಇಲ್ಲಿಯ ಹೆಂಗಸರು ಹಬ್ಬದಲ್ಲಿ ಕೋಲದ ಅಂಚಿಗೆ ಹಚ್ಚುವ ಕಾವಿ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಕಲಸಿ ಬಳಿಯಬಹುದು. ಅಕ್ಕಿ ಎಲ್ಲರ ಮನೆಯಲ್ಲೂ ಇದೆ. ಮೈಲಾಪುರದ ಮಕ್ಕಳಿಗೆ ದೇವಸ್ಥಾನದ ಹೊರಗೋಡೆಯ ಕಾವಿ ಸುಣ್ಣದ ಪಟ್ಟೆ ಪರಿಚಿತವೇ. ನಮ್ಮ ಕಾರಣೆ ಅದರ ನೆಂಟನೆಂದು ತೋರಿಸಿದರೆ ಬೇಗ ಹಿಡಿದುಕೊಳ್ಳುತ್ತಾರೆ. ನೆರೆಮನೆಯ ತಮಿಳು ತಾಯಿಯರೂ ಕೈಗೂಡಿಸಿಯಾರು. ಎಳೆಯ ವಿದ್ಯೆಯಲ್ಲಿ ಅವರೇನೂ ಕಡಿಮೆಯಲ್ಲ.

ದೀಪಾವಳಿಯೂ ರಾಜ್ಯೋತ್ಸವವೂ ಪ್ರತಿವರ್ಷ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ. ಸಂಘದ ಉತ್ಸವದಲ್ಲಿ ಹಾಡು, ನಾಟಕ, ಭಾಷಣಗಳಿಗೆ ಸ್ಥಳವಿರುವಂತೆ ಒಂದು ಹಸೆಗೂ ಸ್ಥಳವಿರಲೆಂದು ಸಂಘದ ಹಿರಿಯರಲ್ಲಿ ನಮ್ಮ ಬಿನ್ನಹ. ಸಾಗರದ ಎಳೆ ಬಲ್ಲವರು, ಧಾರವಾಡದ ಪಾಂಡವರನ್ನು ಮಾಡಬಲ್ಲವರು, ಮಂಗಳೂರಿನ ಬಲೀಂದ್ರನನ್ನು ಕರೆಯಬಲ್ಲವರು ನಮ್ಮ ಸದಸ್ಯರ ಮನೆಗಳಲ್ಲಿ ಇನ್ನೂ ಇರಬಹುದು. ವಯಸ್ಸಾದ ಆ ತಾಯಂದಿರನ್ನು ಈ ವರ್ಷವೇ ಕೇಳಬೇಕು; ಮಕ್ಕಳನ್ನು ಅವರ ಪಕ್ಕದಲ್ಲಿ ಕೂಡಿಸಬೇಕು. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಬರುವ ವರ್ಷ ಅಳಿಸಿ ಮತ್ತೆ ಬರೆಯುವುದು ಹೇಗೂ ಇದ್ದೇ ಇದೆ.