ಮನಃಶಾಸ್ತ್ರಕ್ಕೊಬ್ಬ ಮಾಸ್ತರು ಬೇಕಾಗಿದ್ದಾರೆ

ಕಳೆದ ವರ್ಷ ಓಣಂ ಪರೀಕ್ಷೆಯ ಅಂಕಗಳು ಬಂದ ವಾರ. ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ಸಂಜೆ ಹೊತ್ತಿಗೆ ಮನೆಗೆ ಬಂದಳು. ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲೇ ಓದಿದ ಹುಡುಗಿ. ಪ್ಲಸ್ ವನ್‌ಗೆ ಹ್ಯುಮಾನಿಟೀಸ್ ಸೇರಿದ್ದಳು. ಹಾಗೆ ಸೇರಲು ಹೇಳಿದವರೂ ನಾವೇ! "ಅದರಲ್ಲಿ ಮನಃಶಾಸ್ತ್ರ ಉಂಟು, ನಿನಗೆ ಹೇಳಿ ಮಾಡಿಸಿದ ವಿಷಯ" ಎಂದು ಧೈರ್ಯ ತುಂಬಿ ಕಳುಹಿಸಿದ್ದೆವು. ಅದೇ ಮನಃಶಾಸ್ತ್ರದಲ್ಲಿ ಅವಳಿಗೆ ಬಂದದ್ದು ಹನ್ನೊಂದು ಅಂಕ. ಪುಸ್ತಕ ಪೂರ್ತಿ ಇಂಗ್ಲಿಷ್, ತರಗತಿಯಲ್ಲಿ ವಿವರಣೆ ಮಲಯಾಳ, ಅವಳ ತಲೆಯೊಳಗೆ ಕನ್ನಡ. ಶಾಲೆ ಬಿಟ್ಟು ಮಂಗಳೂರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಲಿಕ್ಕೇ ಬಂದಿದ್ದಳು.

ಒಂದು ತಿಂಗಳು ತಡಿ, ಟ್ಯೂಷನ್‌ಗೆ ಯಾರಾದರೂ ಸಿಗುತ್ತಾರೆ ಎಂದೆವು. ಹುಡುಕಲು ಹೊರಟಾಗಲೇ ನಮಗೆ ಕಷ್ಟ ಗೊತ್ತಾದದ್ದು. ನಮ್ಮ ಪೇಟೆಯಲ್ಲಿ ಫಿಸಿಕ್ಸ್, ಗಣಿತ, ಅಕೌಂಟೆನ್ಸಿಗೆ ಬೀದಿಗೊಂದು ಬೋರ್ಡ್ ಕಾಣಸಿಗುತ್ತದೆ. ಮನಃಶಾಸ್ತ್ರ ಎಂದರೆ ಎಲ್ಲರೂ ಒಮ್ಮೆ ನಮ್ಮ ಮುಖ ನೋಡುತ್ತಾರೆ. ಕೊನೆಗೆ ಒಂದು ಕಡೆ ಸೇರಿಸಿದೆವು. ಮೂರನೇ ದಿನ ವಾಪಸು ಬಂದಳು. "ಕನ್ನಡ ಮೀಡಿಯಂನವರಿಗೆ ಇದೆಲ್ಲ ಯಾಕೆ" ಎಂದು ಹತ್ತು ಜನರ ಮುಂದೆ ನಗಾಡಿದರಂತೆ. ಅವಳ ತಂದೆಯದು ಬೇರೆಯೇ ಹೆದರಿಕೆ. "ಮಾಸ್ತರೇ, ಅದು ಹುಚ್ಚಿನ ಪಾಠ ಅಲ್ವಾ? ಕಲಿತವರಿಗೂ ಹಿಡೀತದೆ ಅಂತಾರಲ್ಲ?"

ಆ ಪ್ರಶ್ನೆಗೆ ಉತ್ತರ ಕೊಡಲು ನಾವು ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆವು. ಈ ಶಾಸ್ತ್ರ ನಮ್ಮ ಕಡೆಗೆ ಹೇಗೆ ಬಂತು, ಯಾರು ಯಾರಿಗೆ ಕಲಿಸಿದರು ಎಂದು ನೋಡುತ್ತಾ ಹೋದಂತೆ ನಮಗೇ ಆಶ್ಚರ್ಯವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಎಂಬವರು 1879ರಲ್ಲಿ ಪ್ರಯೋಗಶಾಲೆ ತೆರೆದದ್ದನ್ನು ಆಧುನಿಕ ಮನಃಶಾಸ್ತ್ರದ ಆರಂಭ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ನಮ್ಮ ಹುಡುಗಿಯ ಪುಸ್ತಕದಲ್ಲೂ ಅದು ಉಂಟು. ಅಲ್ಲಿಂದ ನಮ್ಮ ದೇಶಕ್ಕೆ ಬಂದ ದಾರಿ ಎರಡು ಎಳೆಯದು. ಒಂದು ಎಳೆ ಕಲ್ಕತ್ತೆಗೆ. ಅಲ್ಲಿನ ವಿಶ್ವವಿದ್ಯಾನಿಲಯಕ್ಕಾಗಿ 1905ರಲ್ಲಿ ಮನಃಶಾಸ್ತ್ರದ ಪಠ್ಯಕ್ರಮ ತಯಾರಿಸಿದವರು ಬ್ರಜೇಂದ್ರನಾಥ ಶೀಲರು. 1916ರಲ್ಲಿ ವಿಭಾಗ ಶುರುವಾದಾಗ ಅದರ ಹೊಣೆ ಹೊತ್ತವರು ನರೇಂದ್ರನಾಥ ಸೇನ್‌ಗುಪ್ತ. ಅವರು ಅಮೆರಿಕದ ಹಾರ್ವರ್ಡ್‌ನಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಅವರ ಬಳಿ ಕಲಿತು ಬಂದವರು. ಆ ಮ್ಯೂನ್‌ಸ್ಟರ್‌ಬರ್ಗ್ ವುಂಟರ ಶಿಷ್ಯ.

ಎರಡನೆಯ ಎಳೆ ನೇರ ಕನ್ನಡ ನಾಡಿಗೆ. ಮೊದಲ ಎಳೆಯ ಅದೇ ಶೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರು ಲಂಡನ್‌ನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ಬುದ್ಧಿಶಕ್ತಿಯ ಬಗ್ಗೆ ಓದುವ ಪ್ರತಿಯೊಬ್ಬರಿಗೂ ಸ್ಪಿಯರ್‌ಮನ್ನರ ಹೆಸರು ಬಾಯಿಪಾಠ. ಇವರೂ ಲೈಪ್ಜಿಗ್‌ಗೆ ಹೋಗಿ ವುಂಟರಲ್ಲಿ ಡಾಕ್ಟರೇಟ್ ಮಾಡಿದವರು. ಅಂದರೆ ಲೈಪ್ಜಿಗ್‌ಗೂ ಮೈಸೂರಿಗೂ ನಡುವೆ ಇದ್ದದ್ದು ಒಂದೇ ಒಂದು ಮೆಟ್ಟಿಲು! ಯಕ್ಷಗಾನದಲ್ಲಿ ಭಾಗವತರ ಗುರುಪರಂಪರೆ ಹೇಳುತ್ತಾರಲ್ಲ, ಹಾಗೆಯೇ ಇದೂ ಒಂದು ಪರಂಪರೆ.

ಗೋಪಾಲಸ್ವಾಮಿಯವರ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಂಡವರಿಗೆ ನೆನಪು ಮಾಡುತ್ತೇವೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟದೊಂದು ಬಾನುಲಿ ಕೇಂದ್ರ ನಡೆಸಿ, ಅದನ್ನು 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಿದ್ಧಿಗೆ ತಂದವರು ಇವರೇ. ಆಮೇಲೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ಮಂಗಳೂರು ಆಕಾಶವಾಣಿ ಕೇಳಿ ಬೆಳೆದ ನಮ್ಮ ಗಡಿನಾಡಿನ ಮನೆಗಳಿಗೆ ಮನಃಶಾಸ್ತ್ರದ ಮೇಷ್ಟ್ರೊಬ್ಬರ ಋಣ ಇದೆ ಎಂದು ಹೇಳಿದಾಗ ಹುಡುಗಿಯ ತಂದೆ ಮೊದಲ ಬಾರಿ ನಕ್ಕರು. ಹುಚ್ಚಿನ ಪಾಠದ ಮಾತು ಆಮೇಲೆ ಬರಲಿಲ್ಲ.

ಒಂದು ಮಾತು ಬೇಸರದಿಂದಲೇ ಬರೆಯಬೇಕು. 1924ರಲ್ಲಿ ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. ಮೈಸೂರು ನಮಗೆ ಆಗಲೂ ಗಡಿಯಾಚೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ಗಡಿಯಾಚೆ. ಎರಡೂ ಸಲ ಗೆರೆ ಎಳೆದವರು ಬೇರೆ, ದಾಟಬೇಕಾದವರು ಮಾತ್ರ ನಮ್ಮ ಮಕ್ಕಳು.

ಇನ್ನೊಂದು ಸಂಗತಿ ಶಿಕ್ಷಕರೆಲ್ಲ ತಿಳಿದಿರಬೇಕಾದದ್ದು. ಪ್ಯಾರಿಸ್‌ನ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಬುದ್ಧಿ ಪರೀಕ್ಷೆಯೊಂದನ್ನು ಮಾಡಿದರು. ಅದರ ಉದ್ದೇಶ ಯಾರನ್ನೂ ದಡ್ಡ ಎಂದು ಹೊರಗೆ ಹಾಕುವುದಾಗಿರಲಿಲ್ಲ. ಶಾಲೆಯಲ್ಲಿ ಹಿಂದೆ ಬೀಳುವ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಕಂಡುಹಿಡಿಯುವುದಕ್ಕಾಗಿ ಅದು ಹುಟ್ಟಿತು. ಬುದ್ಧಿ ಎಂಬುದು ಹುಟ್ಟುವಾಗ ಅಳೆದು ಕೊಟ್ಟದ್ದು, ಬೆಳೆಯದು ಎಂಬ ಮಾತನ್ನು ಬಿನೆ ಸ್ವತಃ ವಿರೋಧಿಸಿದ್ದರು. ಅದು ಬೇರೆಯವರ ಕೈಗೆ ಹೋಗಿ ಮಕ್ಕಳ ಹಣೆಗೆ ಅಂಟಿಸುವ ಚೀಟಿಯಾದದ್ದು ಆಮೇಲಿನ ಕಥೆ. ಬಿನೆಯವರಿಗೆ ಈ ಶಾಸ್ತ್ರ ಕಲಿಸಿದ ಗುರು ಯಾರೂ ಇರಲಿಲ್ಲ. ಪ್ಯಾರಿಸ್‌ನ ದೊಡ್ಡ ಗ್ರಂಥಾಲಯದಲ್ಲಿ ಕುಳಿತು ತಾವೇ ಓದಿಕೊಂಡವರು.

ಆ ಪರೀಕ್ಷೆ ಭಾರತದ ಭಾಷೆಗಳಿಗೆ ಬಂದಾಗ ಮುಂದೆ ನಿಂತ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು! ವಿ.ವಿ. ಕಾಮತ್ ಎಂಬವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅದನ್ನು ಪರಿಷ್ಕರಿಸಿ 1934ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1940ರಲ್ಲಿ ಪುಸ್ತಕ ಬಂತು. ಅದನ್ನೇ ಬಿನೆ-ಕಾಮತ್ ಪರೀಕ್ಷೆ ಎನ್ನುವುದು. ಅದರ ಅಳತೆಗಳು ಹಳತಾದವು ಎಂದು ತಿಳಿದವರು ಆಕ್ಷೇಪಿಸುತ್ತಾರೆ, ಅದು ಸರಿಯೂ ಹೌದು. ಆದರೂ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಿತ್ರರು ಇದನ್ನೊಮ್ಮೆ ಗಮನಿಸಬೇಕು. ನಿಮ್ಮಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಆ ಎರಡು ಭಾಷೆಗಳ ಮಕ್ಕಳನ್ನು ಅಂದೇ ಒಬ್ಬರು ಒಟ್ಟಿಗೆ ಇಟ್ಟು ನೋಡಿದ್ದರು.

ಮುಂದೆ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಅದು ಬೆಳೆದು ಈಗಿನ ನಿಮ್ಹಾನ್ಸ್. ಕನ್ನಡದಲ್ಲಿ ಬರೆದವರಿಗೂ ಕೊರತೆಯಿಲ್ಲ. 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, ಬರೆದ 'ಮನ ಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮ ಶಾಲೆಯ ಕಪಾಟಿನಲ್ಲೇ ನಾಲ್ಕೈದು ಇವೆ. ಇಷ್ಟೆಲ್ಲ ಇದ್ದೂ ಹನ್ನೊಂದು ಅಂಕದ ಹುಡುಗಿಗೆ ಪಾಠ ಹೇಳಲು ಒಬ್ಬರು ಸಿಗಲಿಲ್ಲ. ಯಾಕೆ?

ನಾವು ಹುಡುಕುತ್ತಿದ್ದ ಜಾಗವೇ ತಪ್ಪಾಗಿತ್ತು. ಎಂ.ಎಸ್ಸಿ. ಸೈಕಾಲಜಿ ಮಾಡಿದವರನ್ನು ಹುಡುಕುತ್ತಿದ್ದೆವು. ಅಂಥವರು ಪೇಟೆಗಳಿಗೆ ಹೋಗಿರುತ್ತಾರೆ, ಅವರಿಗೆ ಕನ್ನಡ ಬೇಕಾಗಿಲ್ಲ. ಒಂದು ರಾತ್ರಿ ನಮ್ಮದೇ ಹಳೆಯ ಟಿ.ಟಿ.ಸಿ. ನೋಟ್ಸು ಅಟ್ಟದಿಂದ ಇಳಿಸಿದಾಗ ಹೊಳೆಯಿತು. ಗಡಿನಾಡಿನಲ್ಲಿ ಮನಃಶಾಸ್ತ್ರವನ್ನು ಕನ್ನಡದಲ್ಲಿ ಕಲಿತವರು ಇದ್ದೇ ಇದ್ದಾರೆ. ಅವರು ಯಾರೆಂದರೆ ನಾವೇ, ಪ್ರಾಥಮಿಕ ಶಾಲೆಯ ಮಾಸ್ತರುಗಳು ಮತ್ತು ಟೀಚರುಗಳು! ಶಿಕ್ಷಕ ತರಬೇತಿಯಲ್ಲಿ ಶಿಕ್ಷಣ ಮನೋವಿಜ್ಞಾನ ಕಡ್ಡಾಯ. ಕನ್ನಡ ವಿಭಾಗದವರು ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ ಎಲ್ಲವನ್ನೂ ಕನ್ನಡದಲ್ಲೇ ಕಲಿತು, ಕನ್ನಡದಲ್ಲೇ ಪರೀಕ್ಷೆ ಬರೆದವರು. ಪಾಸಾದ ಮೇಲೆ ಕಟ್ಟಿ ಅಟ್ಟಕ್ಕೆ ಹಾಕಿದೆವು, ಅಷ್ಟೆ.

ಹಾಗೆ ನೆನಪಾದವರು ನಮಗೆ ತರಬೇತಿಯಲ್ಲಿ ಈ ವಿಷಯ ಹೇಳಿದ್ದ ಹಿರಿಯ ಮಾಸ್ತರು. ನಿವೃತ್ತರಾಗಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅವರ ಹೆಸರು ಇಲ್ಲಿ ಬೇಡ, ಅವರಿಗೇ ಇಷ್ಟವಿಲ್ಲ. "ಸಂಬಳ ಬೇಡ, ಭಾನುವಾರ ಬರಲಿ, ಆದರೆ ಮೊದಲ ಎರಡು ವಾರ ಪುಸ್ತಕ ತರಬಾರದು" ಎಂದರು.

ಮೊದಲ ದಿನ ನಾವೂ ಜೊತೆಗೆ ಹೋಗಿದ್ದೆವು. ಪಾಠ ಏನೂ ಮಾಡಲಿಲ್ಲ. ಹುಡುಗಿಯ ಹತ್ತಿರ ಅವಳ ಮನೆಯ ನಾಯಿಯ ಬಗ್ಗೆ ಕೇಳಿದರು. ತಟ್ಟೆಯ ಸದ್ದಿಗೆ ಅದು ಓಡಿ ಬರುತ್ತದಾ? ತಟ್ಟೆ ಖಾಲಿ ಇದ್ದರೂ ಬರುತ್ತದಾ? ಎಷ್ಟು ದಿನ ಖಾಲಿ ಬಡಿದರೆ ಬರುವುದು ನಿಲ್ಲಿಸಬಹುದು? ಅವಳು ಗಂಟೆಗಟ್ಟಲೆ ಮಾತನಾಡಿದಳು. ಕೊನೆಗೆ, "ಈಗ ನೀನು ಹೇಳಿದ್ದೇ ನಿನ್ನ ಪುಸ್ತಕದ ಒಂದು ಅಧ್ಯಾಯ. ಅಲ್ಲಿ ಅದಕ್ಕೆ ಇಂಗ್ಲಿಷ್ ಹೆಸರುಗಳಿವೆ, ಅಷ್ಟೇ ವ್ಯತ್ಯಾಸ" ಎಂದರು. ತಿಂಗಳುಗಳಿಂದ ತಲೆ ತಗ್ಗಿಸಿಕೊಂಡಿದ್ದ ಹುಡುಗಿ ತಲೆ ಎತ್ತಿ ನೋಡಿದ್ದನ್ನು ನಾವು ಕಣ್ಣಾರೆ ಕಂಡೆವು.

ಆಮೇಲೆ ಮೂರು ಕಂಬದ ನೋಟ್‌ಬುಕ್ ಶುರುವಾಯಿತು. ಮೊದಲ ಕಂಬದಲ್ಲಿ ಕನ್ನಡ ಶಬ್ದ, ಎರಡನೆಯದರಲ್ಲಿ ಮಲಯಾಳ, ಮೂರನೆಯದರಲ್ಲಿ ಇಂಗ್ಲಿಷ್. ಅಭಿಪ್ರೇರಣೆ, ಅಭಿಪ್ರೇರಣ, ಮೋಟಿವೇಶನ್. ಪುನರ್ಬಲನ, ಪ್ರಬಲನಂ, ರೀಇನ್‌ಫೋರ್ಸ್‌ಮೆಂಟ್. ನಮ್ಮ ಶಬ್ದಕ್ಕೂ ಮಲಯಾಳದ್ದಕ್ಕೂ ಎಷ್ಟೋ ಕಡೆ ಒಂದೇ ಸಂಸ್ಕೃತದ ಬೇರು. ತರಗತಿಯಲ್ಲಿ ಟೀಚರು ಹೇಳುವ ಮಲಯಾಳ ಶಬ್ದಗಳನ್ನು ಅವಳು ಇಷ್ಟು ದಿನ ಗದ್ದಲ ಎಂದುಕೊಂಡಿದ್ದಳು. ಅವು ತನ್ನದೇ ಶಬ್ದಗಳ ತಂಗಿಯರು ಎಂದು ಆಗ ಗೊತ್ತಾಯಿತು!

ಹಿರಿಯ ಮಾಸ್ತರು ಮಾಡಿದ್ದಕ್ಕೆ ಶಾಸ್ತ್ರದಲ್ಲೇ ಹೆಸರಿದೆ. ರಷ್ಯದ ಲೆವ್ ವಿಗೋಟ್‌ಸ್ಕಿ ಚಿಕ್ಕವನಿದ್ದಾಗ ಮನೆಗೆ ಖಾಸಗಿ ಮಾಸ್ತರೊಬ್ಬರು ಬರುತ್ತಿದ್ದರು. ಅವರು ಉತ್ತರ ಹೇಳಿಕೊಡುವ ಬದಲು ಪ್ರಶ್ನೆ ಕೇಳಿಯೇ ಕಲಿಸುತ್ತಿದ್ದರಂತೆ. ದೊಡ್ಡವನಾದ ಮೇಲೆ ವಿಗೋಟ್‌ಸ್ಕಿ ಗೋಮೆಲ್ ಎಂಬ ಊರಿನ ಶಿಕ್ಷಕ ತರಬೇತಿ ಶಾಲೆಯಲ್ಲಿ ಮನಃಶಾಸ್ತ್ರ ಹೇಳುತ್ತಿದ್ದರು. ಮಾಸ್ಕೋಗೆ ಹೋದದ್ದು 1924ರಲ್ಲಿ, ಮೈಸೂರಿನಲ್ಲಿ ವಿಭಾಗ ತೆರೆದ ವರ್ಷವೇ. 1934ರಲ್ಲಿ ಕ್ಷಯದಿಂದ ತೀರಿಕೊಂಡಾಗ 37 ವರ್ಷ. ಮಗು ತಾನೊಬ್ಬನೇ ಮಾಡಬಲ್ಲದ್ದಕ್ಕೂ ತಿಳಿದವರ ಆಸರೆಯಲ್ಲಿ ಮಾಡಬಲ್ಲದ್ದಕ್ಕೂ ನಡುವೆ ಇರುವ ಜಾಗದಲ್ಲೇ ಕಲಿಕೆ ನಡೆಯುತ್ತದೆ ಎಂಬುದು ಅವರ ವಿಚಾರ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮೂರರಿಂದ ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟಲು ಕೊಟ್ಟು, ಪಕ್ಕದಲ್ಲಿ ಕುಳಿತ ಟ್ಯೂಟರ್ ಏನು ಮಾಡಬೇಕು ಎಂದು ನೋಡಿದರು. ಸಣ್ಣವರಿಗೆ ಮಾಡಿ ತೋರಿಸಬೇಕು, ಸ್ವಲ್ಪ ದೊಡ್ಡವರಿಗೆ ಬಾಯಲ್ಲಿ ಹೇಳಿದರೆ ಸಾಕು, ಇನ್ನೂ ದೊಡ್ಡವರಿಗೆ ಹೆಚ್ಚಾಗಿ "ಸರಿ ಉಂಟಾ" ಎಂದು ಕೇಳಿದಾಗ ಹೂಂ ಎಂದರೆ ಸಾಕು. ಮನೆ ಕಟ್ಟುವಾಗ ಅಟ್ಟಣಿಗೆ ಹಾಕಿ ಆಮೇಲೆ ಬಿಚ್ಚುವಂತೆ ಎಂದು ಹೋಲಿಸಿದರು.

ಒಬ್ಬರೇ ಮಾಸ್ತರು, ಒಂದೇ ಮಗು ಎಂಬ ಕ್ರಮಕ್ಕೆ ಎಷ್ಟು ಶಕ್ತಿ ಉಂಟು ಎಂದು 1984ರಲ್ಲಿ ಬೆಂಜಮಿನ್ ಬ್ಲೂಮ್ ಬರೆದದ್ದು ಪ್ರಸಿದ್ಧ. ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿ ಸಾಮಾನ್ಯ ತರಗತಿಯ 98 ಶೇಕಡಾ ಮಕ್ಕಳಿಗಿಂತ ಮುಂದೆ ಇದ್ದ ಎಂದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಪರಿಣಾಮ ಕಾಣಲಿಲ್ಲ. ಟ್ಯೂಷನ್ ಬೋರ್ಡಿನವರು ಈ ಎರಡನೆಯ ವಾಕ್ಯ ಬರೆಯುವುದಿಲ್ಲ, ಹಾಗಾಗಿ ನಾವು ಬರೆದೆವು.

ಹೆತ್ತವರಿಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಮನಃಶಾಸ್ತ್ರದ ಪಾಠ ಹೇಳುವವರು ಮನಸ್ಸಿನ ವೈದ್ಯರಲ್ಲ. ನಮ್ಮ ಹುಡುಗಿ ಒಂದು ಭಾನುವಾರ ರಾತ್ರಿ ನಿದ್ದೆ ಬಾರದ ವಿಷಯ ತೆಗೆದಾಗ ಮಾಸ್ತರು ಪೂರ್ತಿ ಕೇಳಿದರು, ಆದರೆ ತಾವೇ ಚಿಕಿತ್ಸೆಗೆ ಇಳಿಯಲಿಲ್ಲ. ತಾಯಿಯನ್ನು ಕರೆಸಿ ಮಾತನಾಡಿ, ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳುಹಿಸಿದರು. ನಮಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆ ದಿನ.

ಫೆಬ್ರವರಿಯ ಮಾದರಿ ಪರೀಕ್ಷೆಯಲ್ಲಿ ಅವಳು ಪಾಸಾದಳು. ದೊಡ್ಡ ಅಂಕವೇನಲ್ಲ. ಈಗ ಪ್ಲಸ್ ಟು. ಬಟ್ಟೆ ಅಂಗಡಿಯ ಮಾತು ಸದ್ಯಕ್ಕೆ ನಿಂತಿದೆ. ಭಾನುವಾರದ ಪಾಠಕ್ಕೆ ಈ ವರ್ಷ ಇನ್ನಿಬ್ಬರು ಸೇರಿಕೊಂಡಿದ್ದಾರೆ. ಒಬ್ಬ ಹುಡುಗನಿಗೆ ನೆನಪು ಮತ್ತು ಮರೆವಿನ ಪಾಠವನ್ನು ಇವಳೇ ಹೇಳಿಕೊಡುತ್ತಿದ್ದಾಳಂತೆ, ಮಾಸ್ತರು ತೋಟದ ಕಡೆ ಹೋಗಿ ಬರುತ್ತಾರಂತೆ.

ಮೂರು ಕಂಬದ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯೊಂದನ್ನು ನಮ್ಮ ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದ ಶಾಲೆಯವರು ಬಂದು ನಕಲು ಮಾಡಿಕೊಳ್ಳಬಹುದು. ತಾಳವಾಡಿ, ಹೊಸೂರು ಕಡೆಯ ಮಿತ್ರರು ಮಲಯಾಳದ ಕಂಬದಲ್ಲಿ ತಮಿಳು ಬರೆದುಕೊಳ್ಳಲಿ, ಅದೋನಿ, ರಾಯದುರ್ಗದವರು ತೆಲುಗು. ಕೊನೆಯ ಎರಡು ಅಧ್ಯಾಯಗಳ ಶಬ್ದಗಳು ಇನ್ನೂ ಆಗಿಲ್ಲ. ಹಳೆಯ ಟಿ.ಟಿ.ಸಿ. ನೋಟ್ಸು ಅಟ್ಟದಲ್ಲಿ ಇರುವವರು ದಯವಿಟ್ಟು ಒಮ್ಮೆ ಇಳಿಸಿ ನೋಡಿ.