ಫೇಜ್ ಐ3

ಕ್ಷಯಾಣುವಿನ ಹತ್ತಿರದ, ಆದರೆ ನಿರುಪದ್ರವಿ ಸಂಬಂಧಿ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ಗೆ ಸೋಂಕು ತಗುಲಿಸುವ ವೈರಸ್. ಒಂದು ಬ್ಯಾಕ್ಟೀರಿಯಾದ ಜೀನ್‌ಗಳನ್ನು ಇನ್ನೊಂದಕ್ಕೆ ಹೊತ್ತೊಯ್ಯುವ ಇದರ ಗುಣವನ್ನು ಬಯಲಿಗೆ ತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ.

ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ಗಳನ್ನು, ಅಂದರೆ ಫೇಜ್‌ಗಳನ್ನು, 1915ರಲ್ಲಿ ಟ್ವಾರ್ಟ್, 1917ರಲ್ಲಿ ಡೆರೆಲ್ ಗುರುತಿಸಿದ್ದರು. ಅವು ಜೀನ್ ಸಾಗಿಸುತ್ತವೆ ಎಂಬುದು ತಿಳಿದದ್ದು ಬಹಳ ತಡವಾಗಿ: 1952ರಲ್ಲಿ ಜಿಂಡರ್ ಮತ್ತು ಲೆಡರ್‌ಬರ್ಗ್ ಸಾಲ್ಮೊನೆಲ್ಲಾದಲ್ಲಿ ಅದನ್ನು ಕಂಡರು. ಹೊಸ ವೈರಸ್ ಕಣಗಳು ಸಿದ್ಧವಾಗುವಾಗ ಕೆಲವೊಂದರ ತಲೆಯೊಳಗೆ ವೈರಸ್ಸಿನ ಡಿಎನ್ಎ ಬದಲು ಆಶ್ರಯ ಕೊಟ್ಟ ಬ್ಯಾಕ್ಟೀರಿಯಾದ ಡಿಎನ್ಎ ತುಂಡು ಸೇರಿಬಿಡುತ್ತದೆ. ಆ ಕಣ ಮುಂದಿನ ಕೋಶಕ್ಕೆ ಅಂಟಿಕೊಂಡಾಗ ಒಳಹೋಗುವುದು ಸೋಂಕಲ್ಲ, ಜೀನು.

ನಿಧಾನವಾಗಿ ಬೆಳೆಯುವ, ಮೇಣದಂಥ ಕವಚದ ಮೈಕೋಬ್ಯಾಕ್ಟೀರಿಯಾಗಳಲ್ಲಿ ಇದನ್ನು ತೋರಿಸುವುದು ಸುಲಭವಿರಲಿಲ್ಲ. 1970ರಲ್ಲಿ ಸುಂದರರಾಜ್ ಮತ್ತು ಟಿ. ರಾಮಕೃಷ್ಣನ್ ಐ3 ಮೂಲಕ ಅದನ್ನು ಸಾಧಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಕುಲದಲ್ಲಿ ಫೇಜ್‌ಗಳು ಜೀನ್ ಸಾಗಿಸುವುದರ ಬಗೆಗಿನ ಮೊದಲ ವರದಿಗಳಲ್ಲಿ ಅದೂ ಒಂದು. 1973ರಲ್ಲಿ ಡಿ. ಸರೋಜಾ ಮತ್ತು ಕೆ.ಪಿ. ಗೋಪಿನಾಥನ್ ಇನ್ನೂ ಮುಂದೆ ಹೋಗಿ, ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಮತ್ತು ಐಸೋನಿಯಾಜಿಡ್‌ಗಳಿಗೆ ಸಂಬಂಧಿಸಿದ ಗುಣಗಳೂ ಹೀಗೆ ದಾಟುತ್ತವೆಂದು ವರದಿ ಮಾಡಿದರು. ನನ್ನ ದೃಷ್ಟಿಯಲ್ಲಿ, ಹೆಚ್ಚು ಹೆಸರಾಗಬೇಕಿದ್ದ ಕೆಲಸ ಎರಡನೆಯದೇ.

ಸಂಚಾರಿ ಜೀನ್‌ಗಳಿಗೂ ಫೇಜ್‌ಗಳೇ ಸವಾರಿ. ಪ್ಲಾಸ್ಮಿಡ್, ಟ್ರಾನ್ಸ್‌ಪೋಸಾನ್‌ಗಳಂಥವು ಇದೇ ದಾರಿಯಲ್ಲಿ ದಾಟಬಲ್ಲವು. 1963ರಲ್ಲಿ ವರದಿಯಾದ ಮ್ಯೂ ಫೇಜ್ ಅಂತೂ ತಾನೇ ಒಂದು ಟ್ರಾನ್ಸ್‌ಪೋಸಾನ್. ಅದರ ಮೇಲೂ ವಿ. ನಾಗರಾಜ ಅವರ ತಂಡ ಇದೇ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿತು. ಕಾಲರಾದ ವಿಷದ ಜೀನ್ ಕೂಡ ಫೇಜೊಂದರ ಆಸ್ತಿ ಎಂಬುದು 1996ರಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು, 1987ರಲ್ಲಿ, ಅಮೆರಿಕದ ಜೇಕಬ್ಸ್ ತಂಡ ಫೇಜನ್ನೇ ತಿದ್ದಿ ಮೈಕೋಬ್ಯಾಕ್ಟೀರಿಯಾಕ್ಕೆ ಹೊರಗಿನ ಡಿಎನ್ಎ ಸೇರಿಸಿತ್ತು.

ಗೋಪಿನಾಥನ್ ಮುಂದೆ ರೇಷ್ಮೆಹುಳುವಿನತ್ತಲೂ ಹೊರಳಿದರು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಬೆಳೆಗಾರರು ಹಾಲುತೊಂಡೆ ಎಂದು ಹೆದರುವ ರೋಗದ ವೈರಸ್ಸನ್ನೇ ಅವರ ಪ್ರಯೋಗಾಲಯ ಜೀನ್ ಒಯ್ಯುವ ವಾಹಕವಾಗಿ ಬಳಸಿತು. ಆ ವೈರಸ್ ಫೇಜ್ ಅಲ್ಲ, ಕೀಟಗಳದ್ದು.

ಐ3 ಪ್ರಯೋಗಗಳಿಂದ ಕ್ಷಯದ ಔಷಧ ನಿರೋಧವೇ ಫೇಜ್‌ಗಳಿಂದ ಹರಡುತ್ತದೆಂದು ತೀರ್ಮಾನಿಸಬಾರದು. ರೋಗಿಗಳಲ್ಲಿ ಕಾಣುವ ನಿರೋಧ ಹುಟ್ಟುವುದು ಕ್ಷಯಾಣುವಿನ ಸ್ವಂತ ವರ್ಣತಂತುವಿನ ಮಾರ್ಪಾಡುಗಳಿಂದ.